ಆರು ಚಾಕುಗಳ ಪೆಟ್ಟಿಗೆ

ನನ್ನ ಗಂಡನಿಗೆ ಅಡುಗೆಮನೆಯಲ್ಲಿ ಕುಡಿಯುವ ನೀರು ಎಲ್ಲಿರುತ್ತದೆ ಎಂಬುದೊಂದೇ ಗೊತ್ತಿತ್ತು. ಅಂಥವರು ಎಂಬತ್ತರ ದಶಕದ ಶುರುವಿನಲ್ಲಿ, ಒಂದು ಭಾನುವಾರ, ಜಯನಗರದ ಎಕ್ಸಿಬಿಷನ್ನಿನಿಂದ ಆರು ಚಾಕುಗಳ ಸೆಟ್ಟು ತಂದರು.

ಚಾಕು ಬೇಕೆಂದು ಕೇಳಿದ್ದವಳು ನಾನೇ. ಆಗಷ್ಟೇ ಬನಶಂಕರಿಯ ಬಾಡಿಗೆ ಮನೆಗೆ ಬಂದಿದ್ದೆವು. ಅಲ್ಲಿ ನಿಂತು ಅಡುಗೆ ಮಾಡುವ ಕಟ್ಟೆಯಿತ್ತು. ಹೆರಿಗೆಯಾದ ಮೇಲೆ ನನಗೆ ಮಂಡಿ ನೋವು. ಈಳಿಗೆಮಣೆಯ ಮುಂದೆ ನೆಲದ ಮೇಲೆ ಕೂತರೆ ಗೋಡೆ ಹಿಡಿದೇ ಏಳಬೇಕು. ಅದರ ಮೇಲೆ ಬೆಳಗ್ಗೆ ಬಸ್ಸು ಹಿಡಿದು, ಪಾಠ ಹೇಳಲು ಸ್ಕೂಲಿಗೆ ಓಡಬೇಕು. ತರಕಾರಿ ಹೆಚ್ಚಲು ಒಂದು ಸಾಧಾರಣ ಚಾಕು ತನ್ನಿ ಎಂದಿದ್ದೆ. ಅಷ್ಟಕ್ಕೇ ಅತ್ತೆ, "ನಿಂತ್ಕೊಂಡು ಹೆಚ್ಚೋರು ಹೋಟ್ಲು ಭಟ್ರು ಕಣೇ," ಎಂದು ಮೂಗು ಮುರಿದಿದ್ದರು.

ಬಂದದ್ದು ಕೆಂಪು ಮಖಮಲ್ಲು ಹಾಸಿದ ಪೆಟ್ಟಿಗೆ. ಎಲ್ಲಕ್ಕಿಂತ ದೊಡ್ಡದು ನಾಟಕದ ಕಂಪನಿಯ ಕತ್ತಿಯ ಹಾಗಿತ್ತು. ಇನ್ನೊಂದಕ್ಕೆ ಗರಗಸದಂಥ ಹಲ್ಲು, ಬ್ರೆಡ್ಡು ಕುಯ್ಯಲಿಕ್ಕಂತೆ. ನಮ್ಮ ಮನೆಗೆ ಬ್ರೆಡ್ಡು ಬರುತ್ತಿದ್ದದ್ದು ಯಾರಿಗಾದರೂ ಜ್ವರ ಬಂದಾಗ. ಉಳಿದವು ಯಾವುದಕ್ಕೆ ಎಂದು ತಂದವರಿಗೂ ತಿಳಿದಿರಲಿಲ್ಲ.

"ಸ್ಟೈನ್‌ಲೆಸ್ ಸ್ಟೀಲು. ಲೈಫಲ್ಲೇ ಸಾಣೆ ಹಿಡಿಸೋದು ಬೇಡ್ವಂತೆ," ಎಂದರು ಹೆಮ್ಮೆಯಿಂದ.

"ಮಾರ್ದೋನು ಏನಾದ್ರೂ ಹೆಚ್ಚಿ ತೋರಿಸಿದ್ನೇನೋ?" ಅತ್ತೆ ಕೇಳಿದರು.

"ಪೇಪರ್ ಕಟ್ ಮಾಡಿ ತೋರಿಸ್ದ ಅಮ್ಮಾ. ಗಾಳೀಲೇ!"

"ನಾವೇನು ಪೇಪರ್ ಪಲ್ಯ ಮಾಡ್ತೀವಾ?"

ಮಾರನೆಯ ದಿನ ಹುರುಳಿಕಾಯಿ ಹೆಚ್ಚಲು ಹೋದರೆ ಅದು ಜಜ್ಜಿಹೋಯಿತು. ಟೊಮ್ಯಾಟೊ ಅಪ್ಪಚ್ಚಿಯಾಗಿ ಬೀಜವೆಲ್ಲ ನನ್ನ ಸೀರೆಗೆ ಚಿಮ್ಮಿತು. ಸಾಣೆ ಬೇಡವೆಂದದ್ದು ನಿಜವೇ, ಸಾಣೆ ಹಿಡಿಯಲು ಅದರಲ್ಲಿ ಏನೂ ಇರಲಿಲ್ಲ. ಆದರೂ ಎರಡು ವಾರ ಬಾಯಿ ಬಿಡಲಿಲ್ಲ. ಏಕೆಂದರೆ ಆ ಪೆಟ್ಟಿಗೆಯನ್ನು ಪಕ್ಕದ ಮನೆಯವರಿಗೆ ಕಾಣಲೆಂದು ಕಿಟಕಿಯ ಬಳಿ ತೆರೆದಿಟ್ಟವಳು ನಾನೇ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ನಮ್ಮ ಮನೆಯ ಓನರ್ರು ಹೊಸಕೆರೆಹಳ್ಳಿಯವರು. ಉಳುಮೆ ಬಿಟ್ಟು ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರೂ ಹಿತ್ತಲಲ್ಲಿ ಬಳ್ಳಿ ಬೆಳೆಸುವುದನ್ನು ಬಿಟ್ಟಿರಲಿಲ್ಲ. ಒಂದು ರಜೆಯ ದಿನ ದೊಡ್ಡ ಬೂದುಗುಂಬಳಕಾಯಿಯೊಂದನ್ನು ಹೆಗಲ ಮೇಲಿಟ್ಟುಕೊಂಡು ಬಂದರು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕುವಂತಿಲ್ಲ, ಗಂಡಸೇ ಒಡೆದುಕೊಡಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಅತ್ತೆ ಮಗನನ್ನು ಕರೆದರು.

ಅವರು ಪಂಚೆ ಎತ್ತಿ ಕಟ್ಟಿಕೊಂಡು ಬಂದು ಆ ನಾಟಕದ ಕತ್ತಿಯನ್ನೇ ತೆಗೆದರು. "ನೋಡ್ತಾ ಇರಿ," ಎಂದು ಓನರ್ರಿಗೆ ಹೇಳಿ ಬಲವಾಗಿ ಚುಚ್ಚಿದರು. ಚಾಕು ನಾಲ್ಕು ಬೆರಳಷ್ಟು ಒಳಗೆ ಹೋಗಿ ನಿಂತಿತು. ಒತ್ತಿದರು, ಅಲ್ಲಾಡಿಸಿದರು, ಕಡೆಗೆ ಕಾಯಿಗೆ ಮೊಣಕಾಲು ಕೊಟ್ಟು ಎಳೆದರು. ಹಿಡಿ ಕೈಗೆ ಬಂತು, ಅಲಗು ಕಾಯಿಯಲ್ಲೇ ಉಳಿಯಿತು. ಎಳೆದ ರಭಸಕ್ಕೆ ಅವರು ಹಿಂದೆ ಹೋಗಿ ಅಕ್ಕಿ ಡಬ್ಬದ ಮೇಲೆ ಕುಳಿತರು.

"ಕಾಯಿ ತುಂಬಾ ಬಲ್ತು ಹೋಗಿದೆ," ಎಂದರು ಅಲ್ಲಿಂದಲೇ.

"ಬೂದುಗುಂಬಳ ಬಲ್ತೇ ಇರ್ಬೇಕಲ್ವಾ ಸಾರ್," ಎಂದರು ಓನರ್ರು. "ಬಲೀದೆ ಇರೋದು ಚಾಕು."

ಆಮೇಲೆ ತೆಂಗಿನಕಾಯಿ ಸುಲಿಯುವ ಮಚ್ಚು ಕೇಳಿ ಇಸಕೊಂಡು ಒಂದೇ ಏಟಿಗೆ ಕಾಯಿಯನ್ನು ಎರಡು ಹೋಳು ಮಾಡಿದರು. ಒಳಗಿದ್ದ ಅಲಗನ್ನು ಕಿತ್ತು, ಟವೆಲಿನಲ್ಲಿ ಒರೆಸಿ, ಬಹಳ ಮರ್ಯಾದೆಯಿಂದ ನನ್ನ ಗಂಡನ ಕೈಗೆ ಕೊಟ್ಟರು. ನಾನು ನಗು ತಡೆಯಲಾರದೆ ಹಿತ್ತಲಿಗೆ ಹೋದೆ.

ಅತ್ತೆ ಮಗನ ಪರ ವಹಿಸುತ್ತಾರೆ ಎಂದುಕೊಂಡಿದ್ದೆ. ಸಂಜೆ ಅವರು ನನ್ನ ಹತ್ತಿರ ಬಂದು ಮೆಲ್ಲಗೆ, "ನಾಳೆ ಸ್ಕೂಲ್ ಬಿಟ್ಮೇಲೆ ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್ ಹತ್ರ ನಿಂತಿರು. ನಾನೂ ಬರ್ತೀನಿ," ಎಂದರು.

ಬಂದಾಗ ಅವರ ಕೈಯಲ್ಲೊಂದು ಬಟ್ಟೆ ಚೀಲವಿತ್ತು. ಪಾತ್ರೆ ಅಂಗಡಿಯವನು ನಮ್ಮನ್ನು ನೋಡಿದ್ದೇ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟ. "ಸೆಟ್ ತಗೊಳಿ ಅಮ್ಮಾ, ಪ್ರೆಸೆಂಟೇಶನ್ ಕೊಡೋಕೂ ಆಗುತ್ತೆ."

"ಹೆಚ್ಚೋಕೆ ಬೇಕಪ್ಪಾ, ಕೊಡೋಕಲ್ಲ. ಬಿಡಿ ಚಾಕು ತೋರಿಸು."

ಅವನು ಮುಖ ಸಿಂಡರಿಸಿಕೊಂಡು ಮೂಲೆಯ ತಗಡಿನ ಡಬ್ಬ ಎಳೆದ. ಅತ್ತೆ ಒಂದೊಂದನ್ನೇ ತಿರುಗಿಸಿ ನೋಡಿದರು. ಅಲಗು ಹಿಡಿಯೊಳಗೆ ಕೊನೆಯವರೆಗೂ ಹೋಗಿರದಿದ್ದವನ್ನೆಲ್ಲ, ಹಿಡಿ ಕಳಚಿ ಬರುತ್ತದೆಂದು, ಪಕ್ಕಕ್ಕೆ ತಳ್ಳಿದರು. ಆಮೇಲೆ ಚೀಲದಿಂದ ಚೆನ್ನಾಗಿ ಹಣ್ಣಾದ ಟೊಮ್ಯಾಟೊ ತೆಗೆದರು.

"ಇದೇನಮ್ಮಾ, ಅಂಗ್ಡೀಲೇ ಅಡುಗೆ ಮಾಡ್ತೀರಾ?"

"ನಿನ್ ಚಾಕು ಹೆಚ್ಚಿದ್ರೆ ತಗೋತೀನಿ. ಇಲ್ದಿದ್ರೆ ಟೊಮ್ಯಾಟೊ ನೀನೇ ಇಟ್ಕೋ."

ಮೊದಲನೆಯದು ಸಿಪ್ಪೆಯ ಮೇಲೆ ಜಾರಿತು. ಎರಡನೆಯದು ರಸ ಹಿಂಡಿತು. ಮೂರನೆಯದು ಮರದ ಹಿಡಿಯ, ಮಾಸಲು ಬಣ್ಣದ ಚಾಕು. ಅದು ಒತ್ತುವ ಮೊದಲೇ ಒಳಗಿಳಿಯಿತು.

"ಅದಕ್ಕೆ ತುಕ್ಕು ಬರುತ್ತೆ," ಎಂದ ಅಂಗಡಿಯವನು, ಅದರ ಮೇಲೆ ಲಾಭ ಕಡಿಮೆಯೆಂದೋ ಏನೋ.

"ನಮ್ಮನೇಲಿ ಒರೆಸೋಕೆ ಬಟ್ಟೆ ಇದೆಯಪ್ಪಾ."

ಅದನ್ನೂ, ಸಿಪ್ಪೆ ತೆಗೆಯಲು ಅದೇ ಜಾತಿಯ ಚಿಕ್ಕದೊಂದನ್ನೂ ಕೊಂಡೆವು. ಎರಡೂ ಸೇರಿ ಆ ಪೆಟ್ಟಿಗೆಯ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ಬಸ್ಸಿನಲ್ಲಿ ಕೇಳಿದೆ: "ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು ಅತ್ತೆ?"

ಅವರು ಕಿಟಕಿಯ ಕಡೆ ನೋಡುತ್ತ, "ನಿಮ್ಮ ಮಾವನೂ ಒಂದ್ ಸೆಟ್ ತಂದಿದ್ರು ಕಣೇ. ಸೂಪ್ ಕುಡಿಯೋ ಚಮಚದ್ದು," ಎಂದರು. "ಸೂಪು ಅಂದ್ರೇನು ಅಂತ ಇಬ್ರಿಗೂ ಗೊತ್ತಿರ್ಲಿಲ್ಲ." ಮದುವೆಯಾದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆ ವಾರ ಗಂಡನ ಆಫೀಸಿನವರೊಬ್ಬರು ಊಟಕ್ಕೆ ಬಂದಿದ್ದರು. "ಹುರುಳಿಕಾಯಿ ಎಷ್ಟು ಸಣ್ಣಗಿದೆ ನೋಡಿ. ನಾನು ತಂದ ಸೆಟ್ಟಿನ ಕ್ವಾಲಿಟಿ ಅದು," ಎಂದರು ಇವರು.

"ಅದು ಸೆಟ್ಟಲ್ಲ ರೀ. ಅತ್ತೆ ಕೊಡ್ಸಿದ ಚಾಕು," ಎಂದೆ.

"ಹೌದಾ? ಯಾವ್ದಾದ್ರೇನು, ಎರಡೂ ಚಾಕುನೇ ಅಲ್ವಾ," ಎಂದು ಇನ್ನಷ್ಟು ಪಲ್ಯ ಹಾಕಿಸಿಕೊಂಡರು. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿರಲಿಲ್ಲ. ಆ ಮನುಷ್ಯನ ಜೊತೆ ಆಮೇಲೆ ಎಷ್ಟೋ ವರ್ಷ ಸಂಸಾರ ಮಾಡಿದೆ. ಅಡುಗೆಮನೆಗೆಂದು ಒಂದು ಸೌಟನ್ನೂ ಅವರ ಕೈಯಲ್ಲಿ ತರಿಸಲಿಲ್ಲ.