ಬೇಲಿಯಾಚೆಯ ಕಡಲಿಗೆ ಡೀನಾ ಹೊರಟದ್ದು

ಕೊಮಾಹಾಸ್ ಊರಿನ ಡೀನಾ ಫೋರ್ಟೇನ್ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ದಿನಾ ಬೆಳಿಗ್ಗೆ ಪಶ್ಚಿಮದ ಗುಡ್ಡಗಳ ಮೇಲೆ ಕಡಲಿನ ಮಂಜು ಏರುವುದನ್ನು ನೋಡುತ್ತಿದ್ದಳು. ಆದರೆ ಆ ದಂಡೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅವಳು ಹುಟ್ಟುವ ಮೊದಲೇ ವಜ್ರದ ಗಣಿಯವರು ದಂಡೆಯುದ್ದಕ್ಕೂ ಮುಳ್ಳುತಂತಿ ಎಳೆದಿದ್ದರು.

ಅವಳ ಅಪ್ಪ ಬೇಲಿ ಬರುವ ಮುನ್ನ ಅಲ್ಲಿ ಆಡು ಮೇಯಿಸಿದವನು. ಅಲ್ಲೊಂದು ಬಂಡೆಯಿದೆ, ಕಡಲು ಅದರ ಹೊಟ್ಟೆಗೆ ನುಗ್ಗಿ ನೆತ್ತಿಯಿಂದ ಚಿಮ್ಮುತ್ತದೆ, ಅದಕ್ಕೆ 'ಸೀನೋ ಮುದುಕ' ಅಂತ ಹೆಸರು ಎಂದು ಸಾಯುವವರೆಗೂ ಹೇಳುತ್ತಿದ್ದ. ಅಕ್ಕ ಸಾರಾ ಇದನ್ನು ಶಾಲೆಯಲ್ಲಿ ಹೇಳಿ ಎಲ್ಲರ ನಗೆಗೆ ಈಡಾಗಿದ್ದಳು. ಅಂದಿನಿಂದ ಅವಳ ಪಾಲಿಗೆ ಅಪ್ಪ ಸುಳ್ಳುಗಾರ.

ಗಣಿ ಬರಿದಾಗಿ ದಂಡೆ ತೆರೆದ ವರ್ಷವೇ ಡೀನಾ ನಿವೃತ್ತಳಾದಳು. ಪಾದ್ರಿಯೊಬ್ಬರು ಮಾರಿದ, ಚಕ್ರದ ಮೇಲಿನ ಪುಟ್ಟ ಮನೆಯಂಥ ಹಳೇ ಕ್ಯಾರವಾನನ್ನು ತನ್ನ ಪಿಕಪ್ಪಿನ ಹಿಂದೆ ಸಿಕ್ಕಿಸಿ ಅಕ್ಕನ ಮನೆಮುಂದೆ ನಿಲ್ಲಿಸಿದಳು.

"ಹತ್ತಕ್ಕಾ."

"ಇದನ್ನ ನೋಡಿದ್ರೆ ಕೋಳಿಗೂಡು ಇದ್ದಂಗಿದೆ. ಬಾಗಿಲೂ ನಿಲ್ಲಲ್ಲ."

"ಹಗ್ಗ ಕಟ್ಟಿದೀನಲ್ಲ. ಮೂರೇ ದಿನ. ಹೂಂ ಅನ್ನು."

ಸಾರಾ ಗೊಣಗುತ್ತಲೇ ಹತ್ತಿದಳು. ಜೊತೆಗೆ ಒಂದು ಚೀಲ ಹಿಟ್ಟು, ಕೆಂಪು ಚಹಾ, ಮೂರು ಕಂಬಳಿ, ಮಂಡಿನೋವಿನ ಮುಲಾಮು.

ಮೊದಲ ದಿನವೇ ದಾರಿ ಮರಳಾಯಿತು. ಚಕ್ರ ಅರ್ಧ ಹೂತುಕೊಂಡಿತು.

"ನಾನು ಹೇಳ್ಲಿಲ್ವೇನೇ?"

"ಹೇಳಿದ್ದು ಸಾಕು, ಸಲಿಕೆ ಕೊಡು."

ಡೀನಾ ಎಲ್ಲ ಟೈರುಗಳ ಗಾಳಿ ಸ್ವಲ್ಪ ಇಳಿಸಿ, ಚಕ್ರದಡಿ ಒಣಗಿದ ಪೊದೆ ಹಾಸಿ, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದಳು. ಕ್ಯಾರವಾನ್ ಮುಲುಗುಟ್ಟುತ್ತ ಮೇಲೆದ್ದಿತು. ದಿಬ್ಬ ಹತ್ತಿದ ಕೂಡಲೇ ಎದುರಿಗೆ ಕಡಲು! ಕಪ್ಪು ಬಂಡೆಗಳ ಹಲ್ಲು, ಬಿಳಿ ನೊರೆ, ತುಕ್ಕು ಹಿಡಿದು ಪಕ್ಕೆಲುಬು ತೋರುವ ಹಡಗೊಂದು, ಅದರ ಸುತ್ತ ನೂರಾರು ಸೀಲ್‌ಗಳ ಕೂಗಾಟ. ಡೀನಾ ಸ್ಟಿಯರಿಂಗ್ ಬಡಿದು ಕೇಕೆ ಹಾಕಿದಳು. ಸಾರಾ ಮೂಗು ಮುಚ್ಚಿಕೊಂಡಳು. "ಥೂ, ಏನು ನಾತ!" ಅಂದಳು, ಆದರೆ ಕಿಟಕಿ ಏರಿಸಲಿಲ್ಲ.

ಎರಡು ದಿನ ಅಪ್ಪನ ಬಂಡೆಗಾಗಿ ಒಂದೊಂದೇ ಕೊಲ್ಲಿ ಹುಡುಕಿದರು. ಕ್ಯಾರವಾನ್ ನಿಲ್ಲಿಸುವುದು, ಬಂಡೆಗಳ ಮೇಲೆ ತೆವಳುವುದು, ಬರಿಗೈಯಲ್ಲಿ ಬರುವುದು. ಕೆಂಡದ ಮೇಲೆ ರೊಟ್ಟಿ ಸುಡುತ್ತ ಸಾರಾ, "ಸಾಕು ಮಾಡು. ಅಪ್ಪಂಗೆ ಬಾಯಿಗೆ ಬಂದದ್ದೆಲ್ಲ ಕಥೆ," ಎಂದಳು. ಡೀನಾ ಕೆಂಡ ಕೆದಕಿದಳು. ಅವಳಿಗೂ ಒಳಗೊಳಗೇ ಅಳುಕು ಶುರುವಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಇಂಜಿನ್ ತಣಿಯಲೆಂದು ನಿಲ್ಲಿಸಿದಾಗ ನೆಲದಡಿಯಿಂದ ಗುಡುಗಿದಂತೆ ಸದ್ದು ಬಂತು. ಆಮೇಲೆ 'ಹ್ಹಾಕ್ಷೀ!'

ಅಕ್ಕತಂಗಿ ಮುಖ ಮುಖ ನೋಡಿಕೊಂಡರು. ಇಬ್ಬರಲ್ಲಿ ಮೊದಲು ಓಡಿದ್ದು ಸಾರಾ, ಅರವತ್ತೆಂಟರ ಸಾರಾ, ಚಪ್ಪಲಿ ಅಲ್ಲೇ ಬಿಟ್ಟು.

"ಅಕ್ಕಾ, ಮಂಡಿ! ನಿಧಾನ!"

"ಮಂಡಿ ಹಾಳಾಗೋಗ್ಲಿ, ಬಾರೇ!"

ಬಂಡೆಯ ನೆತ್ತಿಯ ತೂತಿನಿಂದ ನೀರು ಮನೆಯೆತ್ತರ ಹಾರಿ ಇಬ್ಬರನ್ನೂ ತೊಪ್ಪೆ ಮಾಡಿತು. ಸಾರಾ ನಕ್ಕಳು, ಆಮೇಲೆ ಅತ್ತಳು.

"ಐವತ್ತೈದು ವರ್ಷ ಕಣೇ. ಐವತ್ತೈದು ವರ್ಷ ನಾನು ಆ ಮನುಷ್ಯನ್ನ ಸುಳ್ಳ ಅಂದೆ."

ಡೀನಾ ಅವಳ ಒದ್ದೆ ಹೆಗಲು ಹಿಡಿದುಕೊಂಡಳು. ಮುದುಕ ಮತ್ತೊಮ್ಮೆ ಸೀನಿದ. ಇಬ್ಬರೂ ಚಿಕ್ಕ ಹುಡುಗಿಯರಂತೆ ಕಿರುಚಿದರು.

ಮನೆಗೆ ಹೋಗುವ ಮಾತನ್ನು ಸಾರಾ ಮತ್ತೆ ಎತ್ತಲಿಲ್ಲ. ಹಿಟ್ಟು ಮುಗಿಯುವವರೆಗೆ, ಅಂದರೆ ಇನ್ನೂ ಆರು ದಿನ, ದಕ್ಷಿಣದ ಹೊಂಡೆಕ್ಲಿಪ್ ಕೊಲ್ಲಿಯವರೆಗೂ ಒಂದು ತಿರುವು ಬಿಡದೆ ನೋಡಿದರು. ಊರಿಗೆ ಮರಳಿದಾಗ ಡೀನಾ ಕ್ಯಾರವಾನ್ ಬಿಚ್ಚುವಷ್ಟರಲ್ಲೇ ಸಾರಾ ಬೀದಿಯ ಜನರನ್ನೆಲ್ಲ ಸೇರಿಸಿಕೊಂಡು ಎರಡೂ ಕೈ ಮೇಲೆತ್ತಿ ನೀರು ಹಾರಿದ್ದನ್ನು ತೋರಿಸುತ್ತಿದ್ದಳು. ಡೀನಾಳಿಗೆ ಒಂದು ಮಾತು ಸೇರಿಸಲೂ ಎಡೆ ಸಿಗಲಿಲ್ಲ.