ಅಂಕಲ್ ಓದದೆ ಬಿಟ್ಟ ಸಾಲು

ಅಂಕಲ್ ಬಲಗೈಯ ತೋರುಬೆರಳಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ಸೀಸದ ಗುಂಡು ಕಟ್ಟಿದ ಹಗ್ಗವನ್ನು ಕಡಲಿಗೆ ಇಳಿಬಿಟ್ಟು ಆಳ ನೋಡುತ್ತಿದ್ದ ಕಾಲದ್ದು. ನಾವು ದೇಶ ಬಿಟ್ಟು ಬಂದು ನೆಲೆಸಿದ ಬೂನ್ ಲೇಯಲ್ಲಿ ಎದುರು ಮನೆಯಲ್ಲಿದ್ದ ಅಂಕಲ್, ಟುವಾಸ್ ಬಂದರಿನ ಕಡೆಯ ಸರ್ವೆ ದೋಣಿಗಳಲ್ಲಿ ದುಡಿದು ನಿವೃತ್ತರಾದವರು. ಮೈಸೂರಿನ ಕ್ರೈಸ್ತರು. ಊಟದಂಗಡಿಗಳ ಹಾಕರ್ ಸೆಂಟರಿನ ಕಾಫಿಯಲ್ಲೂ ಚಮಚ ಇಳಿಸಿ ಆಳ ನೋಡುವ ಚಾಳಿ. ನನ್ನ ಗಂಡ ಅದಕ್ಕೆ ನಗುತ್ತಿದ್ದ.

ಆ ಗಂಡನೇ ಒಂದು ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತಾ ಕುಸಿದುಬಿದ್ದ. ಮಿದುಳಿನಲ್ಲಿ ರಕ್ತಸ್ರಾವ. ಊರಿಂದ ಫೋನ್ ಮಾಡಿದವರೆಲ್ಲ ಏನೂ ಆಗಲ್ಲ ಎಂದರು; ಡಾಕ್ಟರು ಮಾತ್ರ ಹಾಗೆನ್ನಲಿಲ್ಲ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಸಂಜೆ ಆಸ್ಪತ್ರೆಯಿಂದ ಬಂದು ಮೇಲೆ ಮನೆಗೆ ಹೋಗಲು ಭಯವಾಗಿ, ಕಟ್ಟಡದ ಕೆಳಗೆ ತೆರೆದಿರುವ ವಾಯ್ಡ್ ಡೆಕ್ಕಿನ ಬೆಂಚಿನಲ್ಲೇ ಕೂರುತ್ತಿದ್ದೆ. ಅಂಕಲ್ ಪಕ್ಕದಲ್ಲಿ ಕೂತು, ತಮ್ಮ ಧರ್ಮಗ್ರಂಥ ತೆರೆದು ಹಿಂದಿನ ಕಾಲದ ಹೀಬ್ರೂ ಪ್ರವಾದಿಯೊಬ್ಬ ಕಂಡ ದರ್ಶನವನ್ನು ಓದುತ್ತಿದ್ದರು. ದೇಗುಲದ ಹೊಸ್ತಿಲ ಕೆಳಗಿಂದ ನೀರು ಜಿನುಗುತ್ತದೆ. ಅಳತೆಹಗ್ಗ ಹಿಡಿದವನೊಬ್ಬ ಪ್ರವಾದಿಯನ್ನು ಅದರೊಳಗೆ ನಡೆಸುತ್ತಾನೆ. ಸಾವಿರ ಮೊಳಕ್ಕೆ ಪಾದ ಮುಳುಗುತ್ತದೆ, ಇನ್ನೊಂದು ಸಾವಿರಕ್ಕೆ ಮೊಣಕಾಲು, ಮತ್ತೆ ಸೊಂಟ, ಆಮೇಲೆ ದಾಟಲಾಗದ ಹೊಳೆ.

ಇದು ನನ್ನದೇ ಕಥೆ, ಮುಳುಗುವುದು ಎಂದೆ. ಅಲ್ಲ ಎಂದರು. ಆ ನೀರು ಜೀವವಿಲ್ಲದ ಉಪ್ಪು ಸಮುದ್ರಕ್ಕೆ ಸೇರಿ ಅದನ್ನು ಸಿಹಿ ಮಾಡುತ್ತದೆ. ದೇವರು ಕೈಬಿಟ್ಟನೆಂದು ಪರದೇಶದಲ್ಲಿ ಸೆರೆಯಾಗಿ ಕೂತಿದ್ದ ಜನರಿಗೆ ಹೇಳಿದ್ದಂತೆ ಅದು. "ಆ ನೀರು ಹೋದ ಕಡೆಗೆಲ್ಲ ಜೀವ ಬರುತ್ತೆ ಕಣಮ್ಮ" ಎಂದರು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಐಸಿಯುನಲ್ಲಿ ಗಂಡನ ಮೈ ಮುಟ್ಟುತ್ತಾ ಪಾದ, ಮೊಣಕಾಲು, ಸೊಂಟ ಎಂದು ಗೊಣಗುತ್ತಿದ್ದೆ.

ಹತ್ತೊಂಬತ್ತನೆಯ ದಿನ ಅವನು ಹೋದ.

ಕಾರ್ಯ ಮುಗಿಸಿ ಬಂದವಳೇ ಅಂಕಲ್ ಮನೆಯ ಬಾಗಿಲು ಬಡಿದು, ನಿಮ್ಮ ನೀರು ಎಲ್ಲಿಗೆ ಬಂತು ಎಂದು ಕೇಳಿದೆ. ಅವರು ಒಳಗೆ ಹೋಗಿ ಆ ಗ್ರಂಥ ತಂದರು. ಅದೇ ಪುಟ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಆ ಸಮುದ್ರದಂಚಿನ ಕೆಸರು, ಜೌಗು ಮಾತ್ರ ಸಿಹಿಯಾಗುವುದಿಲ್ಲವಂತೆ. ಅದು ಉಪ್ಪಿಗೇ ಬಿಟ್ಟದ್ದಂತೆ. ಅಷ್ಟು ಸಂಜೆ ಓದಿಯೂ ಅದೊಂದನ್ನು ನನಗೆ ಓದಿ ಹೇಳಿರಲಿಲ್ಲ.

"ಆಳ ಇಲ್ದಿರೋ ಜಾಗಾನ ಕಡಲ ಚಾರ್ಟಲ್ಲಿ ಮಾರ್ಕ್ ಮಾಡ್ಲಿಲ್ಲ ಅಂದ್ರೆ ಹಡಗು ಹೋಗಿ ಸಿಕ್ಕೊಳುತ್ತೆ. ಗೊತ್ತಿದ್ದೂ ಬಿಟ್ಟೆ. ನಿನ್ನ ಮುಖ ನೋಡಿ ಓದಕ್ಕಾಗ್ಲಿಲ್ಲಮ್ಮ. ತಪ್ಪಾಯ್ತು."

ನಾನು ಕ್ಷಮಿಸಲಿಲ್ಲ. ಎರಡು ವರ್ಷ, ಲಿಫ್ಟಿನಲ್ಲಿ ಸಿಕ್ಕರೂ ಮುಖ ತಿರುಗಿಸಿದೆ. ಅವರು ಮಾತ್ರ ಕ್ರಿಸ್‌ಮಸ್‌ಗೆ ಕೇಕಿನ ಡಬ್ಬಿಯನ್ನು ನಮ್ಮ ಗೇಟಿಗೆ ತೂಗುಹಾಕಿ ಹೋಗುತ್ತಿದ್ದರು.

ಈ ವರ್ಷ ಅವರ ಮಗಳು ಫೋನ್ ಮಾಡಿ, ಅಪ್ಪನಿಗೆ ಲಿವರ್ ಕ್ಯಾನ್ಸರ್, ಇನ್ನೊಂದು ವಾರ ಅಂದಿದ್ದಾರೆ, ನಿಮ್ಮನ್ನೇ ಕೇಳುತ್ತಿದ್ದಾರೆ ಎಂದಳು. ಹೋದೆ. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿದ್ದವು. ಹಿಡಿದ ನನ್ನ ಕೈಯನ್ನು ಬಿಡಲಿಲ್ಲ.

"ಭಯ ಆಗ್ತಿದೆ ಕಣಮ್ಮ. ಸರಿ ಹೋಗ್ತೀನಾ? ನಿಜ ಹೇಳು."

ನಿಜ ಹೇಳಲೆಂದೇ ಬಾಯಿ ತೆರೆದೆ. ಎರಡು ವರ್ಷ ಸಿಟ್ಟು ಸಾಧಿಸಿದ್ದು ಅದಕ್ಕೇ ಅಲ್ಲವೇ. ಆದರೆ ಅವರ ಮುಖ ನೋಡಿದೆ.

"ಸರಿ ಹೋಗ್ತೀರ ಅಂಕಲ್" ಎಂದೆ.

ಮೂರನೆಯ ದಿನ ತೀರಿಕೊಂಡರು. ಕ್ಷಮಿಸಿದ್ದೇನೆ ಎಂದು ಹೇಳುವುದು ಮಾತ್ರ ಆಗಲೇ ಇಲ್ಲ.