ಎದುರುಮನೆಯ ರೆಫರೆನ್ಸ್

ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತಂತೆ. ಈ ವಿಷಯ ನನಗೆ ಗೊತ್ತಾಗಿದ್ದು ಈಚೆಗೆ, ಆಫೀಸಿನಲ್ಲಿ ನನ್ನ ಸೀಟಿನಲ್ಲೇ ಕೂತು ಕೆಲಸ ಮಾಡುತ್ತಿದ್ದಾಗ.

ಫೋನು ಮಾಡಿದ್ದು ನಾನು ಸೇರಬೇಕಿರುವ ಹೊಸ ಕಂಪನಿಯ ಎಚ್‌ಆರ್ ಹುಡುಗಿ. ದನಿ ಬಹಳ ಮೆದು. (ಕೆಟ್ಟ ಸುದ್ದಿ ಹೇಳುವವರಿಗೆ ಈ ದನಿಯನ್ನು ಟ್ರೇನಿಂಗಿನಲ್ಲಿ ಕಲಿಸಿರುತ್ತಾರೆ ಅಂತ ನನಗೆ ಗುಮಾನಿ.)

"ಮೇಡಂ, ನಿಮ್ಮ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಸಣ್ಣದೊಂದು ಇಶ್ಯೂ ಬಂದಿದೆ. ನೀವು ಕೆಲಸ ಬಿಟ್ಟು ಎರಡು ವರ್ಷವಾಯ್ತು, ಮನೆಯಲ್ಲೇ ಇದ್ದೀರ ಅಂತ ನಿಮ್ಮ ನೈಬರ್ಸ್ ಹೇಳಿದ್ದಾರೆ."

"ನಾನೀಗ ಆಫೀಸಿನಿಂದಲೇ ಮಾತಾಡ್ತಿರೋದು" ಅಂದೆ.

"ಅದು ಫೋನಲ್ಲಿ ನಮಗೆ ಗೊತ್ತಾಗಲ್ಲ ಅಲ್ವಾ ಮೇಡಂ?"

ಹೌದಲ್ಲ. ಇದು ಕ್ಲಿಯರ್ ಆಗುವವರೆಗೂ ನನ್ನ ಜಾಯ್ನಿಂಗ್ ಹೋಲ್ಡ್‌ನಲ್ಲಿರುತ್ತದೆ ಅಂತ ಹೇಳಿ, ಹ್ಯಾವ್ ಎ ನೈಸ್ ಡೇ ಅಂತಲೂ ಹಾರೈಸಿ ಆಕೆ ಫೋನಿಟ್ಟಳು.

ತಿಂಗಳು ಮುಗಿಯಲು ಇನ್ನೆಷ್ಟು ದಿನ ಅಂತ ಕ್ಯಾಲೆಂಡರಿನಲ್ಲಿ ಎಣಿಸಿದೆ. ಯಾಕೆ ಅಂತ ಹೇಳುತ್ತೇನೆ. ನಾನು ಆಗಲೇ ಹಳೇ ಕಂಪನಿಗೆ ರಾಜೀನಾಮೆ ಕೊಟ್ಟಾಗಿತ್ತು. ಇಲ್ಲಿಯವರೋ ರಿಸೆಷನ್ ಅಂತ ಯಾರನ್ನು ಮನೆಗೆ ಕಳಿಸೋಣ ಎಂದು ಹುಡುಕುತ್ತಿದ್ದವರು. ನಾನೇ ಹೋಗುತ್ತೇನೆ ಅಂದಾಗ ನಮ್ಮ ಮ್ಯಾನೇಜರು ಅಷ್ಟು ಅಕ್ಕರೆಯಿಂದ ಕೈ ಕುಲುಕಿದ್ದು ಅದೇ ಮೊದಲು. ತಿಂಗಳ ಕೊನೆಗೆ ಇಲ್ಲಿಯ ಬಾಗಿಲು ಮುಚ್ಚುತ್ತದೆ. ಅಲ್ಲಿಯ ಬಾಗಿಲು ತೆಗೆಯದಿದ್ದರೆ? ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಬರುವ ಸಂಬಳ ನನ್ನದೊಂದೇ.

ಹೊಸ ಕಂಪನಿಯವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಇಲ್ಲದ ಆಫೀಸಿನ ಹೆಸರಿನಲ್ಲಿ ಸುಳ್ಳು ಎಕ್ಸ್‌ಪೀರಿಯೆನ್ಸ್ ತೋರಿಸಿ ಸೇರಿಕೊಂಡವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕಳಿಸುತ್ತಿರುವ ಕಾಲ ಇದು. ನಮ್ಮದೋ ಬಹಳ ಸಣ್ಣ ಕಂಪನಿ. ಮೇಲೆ ನಾವು, ಕೆಳಗೆ ಬೇಕರಿ. ಬೋರ್ಡು ಕೂಡ ಬೇಕರಿಯದೇ ದೊಡ್ಡದು. ಹೊರಗಿನವರಿಗೆ ಇದೂ ಒಂದು ಬೋಗಸ್ ಅಂತ ಅನಿಸಿದರೆ ಏನು ಮಾಡುವುದು?

ಆದರೂ ಒಂದು ಮಾತು ಕೇಳಲೇಬೇಕು. ನಾನು ಸುಮ್ಮನೆ ಕೂತಿದ್ದೆನೇ? ಈ ಒಂದು ವರ್ಷದಿಂದ ಎಲ್ಲರೂ ಬಡಿದುಕೊಳ್ಳುತ್ತಿರುವುದು ಒಂದೇ ಮಂತ್ರ. ನೆಟ್‌ವರ್ಕಿಂಗ್. ಕೆಲಸ ಗೊತ್ತಿದ್ದರೆ ಸಾಲದು, ಜನ ಗೊತ್ತಿರಬೇಕು. ಸರಿ ಅಂತ ನಾನೂ ಇಂಟರ್ನೆಟ್ಟಿನಲ್ಲಿ ಅದಕ್ಕೆಂದೇ ಇರುವ ಒಂದು ಸೈಟಿಗೆ ಸೇರಿದೆ. ಕಂಡವರಿಗೆಲ್ಲ ಇನ್ವಿಟೇಷನ್ ಕಳಿಸಿದೆ. ಕಾಫಿ ಮಷೀನಿನ ಹತ್ತಿರ ಎರಡು ಸಲ ನಕ್ಕಿದ್ದ ಒಬ್ಬನಿಗೆ 'ಅದ್ಭುತ ಟೀಮ್ ಪ್ಲೇಯರ್' ಅಂತ ರೆಕಮೆಂಡೇಷನ್ ಬರೆದೆ. ಅವನು ಊಟಕ್ಕೆ ಮೊದಲೇ ನನಗೂ ಅದನ್ನೇ ಬರೆದು ತೀರಿಸಿದ. ಹೀಗೆ ಮುಯ್ಯಿ ಮಾಡಿ ಮಾಡಿ ನನ್ನ ಪೇಜಿನ ತುಂಬ ಹೊಗಳಿಕೆಯಾಯಿತು. ಅದನ್ನೆಲ್ಲ ನೋಡಿಯೇ ಹೊಸ ಕಂಪನಿಯವರು ಇಂಟರ್ವ್ಯೂಗೆ ಕರೆದಿದ್ದು.

ಕೊನೆಗೆ ಅವರು ನಂಬಿದ್ದು ಯಾರನ್ನು? ಚನ್ನಪಟ್ಟಣದ ನಮ್ಮ ಬೀದಿಯ ಎದುರುಮನೆ ತಾಯಮ್ಮತ್ತೆಯನ್ನು.

ಅದಿನ್ನೂ ಗೊತ್ತಿಲ್ಲದೆ ಆ ಸಂಜೆ ಬೆಂಗಳೂರಿನಿಂದ ರೈಲಿನಲ್ಲಿ ನಿಂತೇ ಬಂದೆ. ಬಿಡದಿಯಲ್ಲಿ ಸೀಟು ಸಿಕ್ಕಿತು, ಕೂರಬೇಕೆನಿಸಲಿಲ್ಲ. ಯಾರು ಹೇಳಿರಬಹುದು? ಯಾಕೆ ಹೇಳಿರಬಹುದು? ನಮಗೆ ಬೀದಿಯಲ್ಲಿ ಯಾರ ಮೇಲೂ ಹಗೆಯಿಲ್ಲ. ರಾಮನಗರ ದಾಟುವಷ್ಟರಲ್ಲಿ ಬೀದಿಯ ಪ್ರತಿ ಮನೆಯವರ ಮೇಲೂ ಒಂದೊಂದು ಸಲ ಅನುಮಾನಪಟ್ಟಿದ್ದೆ. ತಾಯಮ್ಮತ್ತೆಯೊಬ್ಬರನ್ನು ಬಿಟ್ಟು. ನನ್ನನ್ನು ಎತ್ತಿ ಆಡಿಸಿದವರು ಅವರು.

ಮನೆಗೆ ಬಂದರೆ ಕೇಸರಿಬಾತಿನ ಘಮ. ಅಮ್ಮನ ಮುಖ ಅರಳಿತ್ತು. ಪಕ್ಕದಲ್ಲಿ ತಾಯಮ್ಮತ್ತೆ ತಟ್ಟೆ ಹಿಡಿದು ಕೂತಿದ್ದರು.

"ಯಾರೋ ಬಂದಿದ್ರಂತೆ ಕಣೇ, ಹೋದ ವಾರ" ಅಂದರು ಅಮ್ಮ. "ಗಂಡ್ನ ಕಡೆಯೋರು. ನಾನು ರೇಷನ್ ಅಂಗ್ಡಿಗೆ ಹೋಗಿದ್ನಲ್ಲ ಆವತ್ತು. ಅತ್ತೆ ಈವತ್ತು ಮಗಳ ಮನೆಯಿಂದ ಬಂದು ಈಗ ಹೇಳ್ತಾವ್ರೆ."

ನನಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಅತ್ತೆಯೇ ಹೇಳಿದರು.

"ಬೈಕಲ್ಲಿ ಬಂದ ಕಣವ್ವ. ಬೂಟು, ಫೈಲು, ಒಳ್ಳೆ ಲಕ್ಷಣವಾಗಿದ್ದ. ನಿಮ್ಮನೆ ಸ್ವಂತದ್ದಾ ಬಾಡ್ಗೆದಾ ಅಂದ. ಎಷ್ಟ್ ವರ್ಸದಿಂದ ಅವ್ರೆ ಅಂದ. ಹುಡ್ಗಿ ಎಂಗೆ, ಏನ್ ಮಾಡ್ಕಂಡವ್ಳೆ ಅಂದ. ಓಗೋವಾಗ ಮನೆ ಫೋಟೋನೂ ತಕ್ಕಂಡ. ಇನ್ನೇನ್ ಬೇಕು? ನಾನೂ ಒಸಿ ಜೋರಾಗೇ ಯೋಳ್ದೆ."

"ಏನಂತ ಹೇಳಿದ್ರಿ ಅತ್ತೆ?"

"ಇನ್ನೇನ್ ಯೋಳ್ತಾರೆ? ಕೆಲ್ಸ ಬುಟ್ಟು ಎಲ್ಡು ವರ್ಸ ಆಯ್ತು, ಮನೇಲೇ ಅವ್ಳೆ ಅಂದೆ. ತಲೆ ಎತ್ತಿ ಮಾತಾಡಾಕಿಲ್ಲ ಅಂದೆ. ಮುದ್ದೆ ಮಾಡಿದ್ರೆ ಬೆಣ್ಣೆ ಇದ್ದಂಗಿರ್ತದೆ ಅಂದೆ. ಕಂಪ್ಯೂಟ್ರು ಗಿಂಪ್ಯೂಟ್ರು ಕೈಯಲ್ಲೂ ಮುಟ್ಟಾಕಿಲ್ಲ ಅಂದ್ಬುಟ್ಟೆ."

(ನಾನು ಸಾಫ್ಟ್‌ವೇರ್ ಟೆಸ್ಟರ್. ಮುದ್ದೆ ಮಾಡಿದರೆ ಗಂಟು ಗಂಟಾಗುತ್ತದೆ.)

ಅತ್ತೆಯ ತಪ್ಪೇನೂ ಇಲ್ಲ. ಹೋದ ವರ್ಷ ಸಾತನೂರಿನ ಕಡೆಯ ಒಂದು ಸಂಬಂಧ ಬಂದಿತ್ತು. ಆಗ ಬೀದಿಯಲ್ಲಿ ವಿಚಾರಿಸಿದವರಿಗೆ ಇದೇ ಅತ್ತೆ ಹೆಮ್ಮೆಯಿಂದ ಇದ್ದದ್ದನ್ನೇ ಹೇಳಿದ್ದರು. ಬೆಂಗಳೂರಿಗೆ ಹೋಗುತ್ತಾಳೆ, ಕೆಲಸ ಜಾಸ್ತಿಯಾದ ದಿನ ಗೆಳತಿಯ ರೂಮಿನಲ್ಲಿ ಉಳಿದು ಬೆಳಿಗ್ಗೆ ಬರುತ್ತಾಳೆ ಅಂತ. ಸಾತನೂರಿನವರು ಆಮೇಲೆ ಫೋನು ಎತ್ತಲಿಲ್ಲ. ಅವತ್ತಿನಿಂದ ಅಮ್ಮ ಬೀದಿಗೆಲ್ಲ ಹೇಳಿಟ್ಟಿದ್ದರು: ಯಾರಾದರೂ ಕೇಳಿದರೆ ಮನೆಯಲ್ಲೇ ಇದ್ದಾಳೆ ಅನ್ನಿ, ಮಿಕ್ಕಿದ್ದು ಆಮೇಲೆ ನೋಡಿಕೊಳ್ಳೋಣ.

ಬಂದವನು ಗಂಡಿನ ಕಡೆಯವನಲ್ಲ, ಕಂಪನಿಯ ಕಡೆಯವನು ಅಂತ ಬಿಡಿಸಿ ಹೇಳಿದೆ. ಅತ್ತೆಯ ಕೈಯಲ್ಲಿದ್ದ ತಟ್ಟೆ ಕೆಳಗಿಳಿಯಿತು.

"ನನ್ ಮಾತಿಂದ ನಿನ್ ಕೆಲ್ಸ ಓಯ್ತದಾ ಮಗಾ?"

ಇಲ್ಲ ಅನ್ನಬೇಕೆಂದುಕೊಂಡೆ. ಅವರ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟೆ. ಅಮ್ಮ ಒಲೆ ಆರಿಸಲು ಎದ್ದು ಹೋದರು. ಒಲೆ ಆಗಲೇ ಆರಿತ್ತು.

ಮಾರನೆಯ ದಿನ ಎಚ್‌ಆರ್ ಹುಡುಗಿಗೆ ಎಲ್ಲ ವಿವರಿಸಿದೆ. ಗಂಡಿನ ಕಡೆ ಅನ್ನುವ ಮಾತು ಕೇಳಿ ಆಕೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ, ಟಕಟಕ ಟೈಪ್ ಮಾಡಿಕೊಂಡಳು. ಇನ್ನೊಂದು ಸಲ ಮನುಷ್ಯನನ್ನು ಕಳಿಸುತ್ತೇವೆ ಅಂದಳು. ಯಾವತ್ತು ಅಂತ ಹೇಳುವ ಹಾಗಿಲ್ಲವಂತೆ, ಪಾಲಿಸಿ.

ಆ ವಾರ ನಾನು ನಿದ್ದೆ ಮಾಡಿದ್ದು ರೈಲಿನಲ್ಲಿ ಮಾತ್ರ. ಅವನು ಬರುವ ಹೊತ್ತಿಗೆ ನಾನು ಎಲ್ಲಿರಬೇಕು? ಆಫೀಸಿನಲ್ಲಿದ್ದರೆ ಅತ್ತೆ ಗಾಬರಿಯಲ್ಲಿ ಇನ್ನೇನು ಹೇಳಿಬಿಡುತ್ತಾರೋ. ರಜೆ ಹಾಕಿ ಮನೆಯಲ್ಲಿ ಕೂತರೆ? ಹುಡುಗಿ ಮನೆಯಲ್ಲೇ ಇದ್ದಾಳೆ ಅನ್ನುವುದಕ್ಕೆ ನಾನೇ ಸಾಕ್ಷಿ.

ದಿನಾ ಅತ್ತೆಗೆ ಟ್ರೇನಿಂಗ್ ಶುರುವಾಯಿತು. ನಾನು ವೆರಿಫಿಕೇಷನ್ನಿನವನಾಗುವುದು, ಅವರು ಉತ್ತರ ಹೇಳುವುದು. ನನ್ನನ್ನು ಇಂಟರ್ವ್ಯೂ ಮಾಡಿದವರು ಕೂಡ ನಾನು ಅತ್ತೆಯನ್ನು ಕಾಡಿದಷ್ಟು ಕಾಡಿರಲಿಲ್ಲ. ಒಂದು ದಿನ ಅತ್ತೆ ಎಮ್ಮೆಗೆ ಹುಲ್ಲು ಹಾಕುತ್ತಾ ನನ್ನನ್ನೇ ಕೇಳಿದರು.

"ಅಲ್ಲ ಕಣವ್ವ, ನಿನ್ ಕೆಲ್ಸದ್ ವಿಚಾರ ತಿಳ್ಕಳಕ್ಕೆ ನನ್ ತಾವ್ಕೆ ಯಾಕ್ ಬಂದ್ರು? ನಿನ್ ಜೊತೆ ಕೆಲ್ಸ ಮಾಡೋರ್ನ ಕೇಳಿದ್ರಾಗಾಕಿಲ್ವಾ?"

ಏನು ಹೇಳಲಿ? ನನ್ನ ಜೊತೆ ಕೆಲಸ ಮಾಡುವವರೆಲ್ಲ ಬರೆದುಕೊಟ್ಟಿದ್ದಾರೆ ಅತ್ತೆ, ಅವರಿಗೆ ನಾನೂ ಬರೆದುಕೊಟ್ಟಿದ್ದೇನೆ, ಆದ್ದರಿಂದ ಅದು ಯಾರಿಗೂ ಬೇಡ ಅಂತಲೇ?

ಅವನು ಬಂದಿದ್ದು ಶನಿವಾರ. ನನಗೆ ರಜೆ. ಬೈಕಿನ ಸದ್ದು ಕೇಳಿದ್ದೇ ಅಡಿಗೆಮನೆಯ ಕಿಟಕಿಯ ಮರೆಗೆ ಓಡಿದೆ. ಅಮ್ಮ ನನ್ನ ಹಿಂದೆ. ಅತ್ತೆ ಜಗಲಿಯ ಮೇಲಿದ್ದರು. ಅವನಿನ್ನೂ ಫೈಲು ತೆಗೆದಿರಲಿಲ್ಲ.

"ಮೊದ್ಲು ಅದ್ ಯೋಳಪ್ಪ. ಕೆಲ್ಸಕ್ಕೋ, ಮದ್ವೆಗೋ?"

ಅವನು ತಬ್ಬಿಬ್ಬಾದ. "ಕೆಲಸಕ್ಕೆ ಅಮ್ಮಾ."

"ಅಂಗಾರೆ ಕೇಳ್ಕೊ" ಅಂದರು ಅತ್ತೆ. ನಾನು ಹೇಳಿಕೊಟ್ಟಿದ್ದ ಒಂದು ಮಾತೂ ಅದರಲ್ಲಿರಲಿಲ್ಲ. "ಒತ್ತಾರೆ ನಾನು ಡೈರಿಗೆ ಆಲು ಆಕಾಕೆ ಓಗೋ ಒತ್ಗೆ ಅವಳು ಸ್ಟೇಸನ್ ಕಡೆ ಓಡ್ತಿರ್ತಾಳೆ. ತಲೆ ಬಾಚ್ಕಳಾಕೂ ಪುರುಸೊತ್ತಿಲ್ಲ, ರೈಲಲ್ಲೇ ಬಾಚ್ಕತಾಳೆ. ಬರಾದು ಕತ್ಲಾದ್ಮೇಲೆ. ಎಷ್ಟೋ ದಿನ ಬರೋದೇ ಇಲ್ಲ. ಕೆಲ್ಸ ಮುಗಿಲಿಲ್ಲ ಅಂತ ಅಲ್ಲೇ ಗೆಳತಿ ರೂಮಲ್ಲಿದ್ದು ಬೆಳಿಗ್ಗೆ ಬತ್ತಾಳೆ. ಬಂದು ಬಾಗ್ಲಲ್ಲೇ ಚಪ್ಲಿ ಹಾಕ್ಕಂಡೇ ನಿದ್ದೆ ಮಾಡಿದ್ದ ನೋಡಿವ್ನಿ. ಅವ್ರಪ್ಪ ಓದ್ಮೇಲೆ ಆ ಮನೆ ನಿಂತಿರಾದು ಅವಳ್ ಮ್ಯಾಲೆ. ಮುದ್ದೆ ಮಾಡಾಕ್ ಬರಾಕಿಲ್ಲ. ಆವತ್ ನಾನ್ ಯೋಳಿದ್ದು ಸುಳ್ಳು."

"ಯಾಕಮ್ಮಾ ಸುಳ್ಳು ಹೇಳಿದ್ರಿ?"

"ನೀನು ಗಂಡ್ನ ಕಡೆಯೋನು ಅನ್ಕಂಡೆ. ಇಷ್ಟ್ ಕಷ್ಟ ಪಡ್ತಾಳೆ ಅಂದ್ರೆ ಅವ್ರು ಒಪ್ಪಾಕಿಲ್ಲ ಕಣಪ್ಪ."

ಅವನು ಎಲ್ಲವನ್ನೂ ಬರೆದುಕೊಂಡ. ಬೀದಿಯ ತುದಿಯಲ್ಲಿ ಬೊಂಬೆ ಮಾಡುವ ಶೆಡ್ಡಿನವರು ಕೂಡ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನಾನು ಕಿಟಕಿಯ ಹಿಂದೆ ನಿಂತು ಅಳುತ್ತಿದ್ದೆ. ನನ್ನ ಬಗ್ಗೆ ಇಷ್ಟು ವರ್ಷದಲ್ಲಿ ಯಾರೂ ಇಷ್ಟು ನಿಜ ಹೇಳಿರಲಿಲ್ಲ. ಅದರಲ್ಲಿ ಟೀಮ್ ಪ್ಲೇಯರ್ ಅನ್ನುವ ಮಾತೇ ಇರಲಿಲ್ಲ.

ಅಮ್ಮ ಅಳಲಿಲ್ಲ. "ಬೀದಿಗೆಲ್ಲ ಕೇಳೋ ಹಂಗೆ ಹೇಳ್ಬುಟ್ರು" ಅಂತಷ್ಟೇ ಅಂದರು. ಆ ಮಾತಿನಲ್ಲಿ ಅತ್ತೆಯ ಮೇಲೆ ಸಿಟ್ಟಿರಲಿಲ್ಲ, ಭಯವಿತ್ತು. ಮಗಳ ಕೆಲಸ ಉಳಿಯಲಿ ಅಂತ ಆ ವಾರವೆಲ್ಲ ಹರಸಿಕೊಂಡವರೂ ಅವರೇ. ಆ ಕೆಲಸದಿಂದಲೇ ಮಗಳ ಮದುವೆ ತಪ್ಪುತ್ತದೆ ಅಂತ ಹೆದರುವವರೂ ಅವರೇ. ಯಾವ ಅಮ್ಮನನ್ನು ಸಮಾಧಾನ ಮಾಡುವುದು?

ಸೋಮವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೊರಡುತ್ತಿದ್ದೆ, ಫೋನು ಬಂತು. ಅದೇ ಮೆದು ದನಿ. "ಕಂಗ್ರಾಟ್ಸ್ ಮೇಡಂ, ವೆರಿಫಿಕೇಷನ್ ಪಾಸಿಟಿವ್." ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಎದುರುಮನೆಯ ಜಗಲಿಯಿಂದ ಅತ್ತೆ ಕಣ್ಣಲ್ಲೇ ಏನಾಯಿತು ಅಂತ ಕೇಳಿದರು. ಆಯಿತು ಅಂತ ಕೈ ಸನ್ನೆ ಮಾಡಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಇನ್ನೊಂದು ಇನ್‌ಫಾರ್ಮಲ್ ಪ್ರಶ್ನೆ ಮೇಡಂ" ಅಂದಿತು ಫೋನು. "ನಿಮಗೆ ಮನೆಯಲ್ಲಿ ಗಂಡು ನೋಡ್ತಿದ್ದಾರೆ ಅಂತ ರಿಪೋರ್ಟಿನಲ್ಲಿದೆ. ಇದು ಲಾಂಗ್ ಟರ್ಮ್ ಪ್ರಾಜೆಕ್ಟು. ಸದ್ಯಕ್ಕೆ ಮದುವೆಯ ಪ್ಲಾನ್ ಏನಾದರೂ ಇದೆಯಾ ಅಂತ ಮ್ಯಾನೇಜರ್ ಕೇಳಿದ್ರು. ಸುಮ್ನೆ."

ಸುಮ್ಮನೆ! ನನ್ನ ಮದುವೆ ಕಟ್ಟಿಕೊಂಡು ಈ ಮ್ಯಾನೇಜರಿಗೆ ಏನಾಗಬೇಕಿದೆ ಅಂತ ಕೇಳಬೇಕಿತ್ತು. ಹಿಂದೆ ಒಳಮನೆಯಲ್ಲಿ ಅಮ್ಮ ಯಾರ ಜೊತೆಗೋ ಫೋನಿನಲ್ಲಿದ್ದರು. ಕುದೂರಿನ ಕಡೆಯ ಸಂಬಂಧವಂತೆ. ಭಾನುವಾರ ಬರುತ್ತಾರಂತೆ. ಇಲ್ಲಿಯ ಸುದ್ದಿ ಅಲ್ಲಿಯವರೆಗೆ ಇನ್ನೂ ಮುಟ್ಟಿರಲಿಕ್ಕಿಲ್ಲ.

"ಅಯ್ಯೋ ಇಲ್ಲ ಮೇಡಂ" ಅಂದೆ. "ನಮ್ಮನೇಲಿ ಆ ಮಾತೇ ಇಲ್ಲ."

ಎಷ್ಟು ಸಲೀಸಾಗಿ ಬಂತು ನೋಡಿ. ಯಾರೂ ಟ್ರೇನಿಂಗ್ ಕೊಟ್ಟಿರಲಿಲ್ಲ. (ಆ ಹುಡುಗಿ ನಮ್ಮ ವಾರಪತ್ರಿಕೆ ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಇದನ್ನೆಲ್ಲ ಬರೆಯುತ್ತಿದ್ದೇನೆ.)

"ಗುಡ್ ಮೇಡಂ. ಒಂದು ಸಲ ಕನ್ಫರ್ಮ್ ಮಾಡಿಕೊಂಡು ಲೆಟರ್ ಕಳಿಸ್ತೀವಿ" ಅಂತ ಫೋನಿಟ್ಟಳು.

ಯಾರ ಹತ್ತಿರ ಕನ್ಫರ್ಮ್ ಮಾಡಿಕೊಳ್ಳುತ್ತಾರೆ, ಮತ್ತೆ ಎದುರುಮನೆಯಲ್ಲೇ? ಕೇಳುವಷ್ಟರಲ್ಲಿ ಲೈನಿರಲಿಲ್ಲ. ಲೆಟರ್ ಇನ್ನೂ ಬಂದಿಲ್ಲ. ಕುದೂರಿನವರು ಬರುವುದು ನಾಳಿದ್ದು. ಬೀದಿಯಲ್ಲಿ ಬೈಕಿನ ಸದ್ದಾದರೆ ಸಾಕು, ನಾನು, ಅಮ್ಮ, ಅತ್ತೆ ಮೂವರೂ ಒಟ್ಟಿಗೆ ತಲೆ ಎತ್ತುತ್ತೇವೆ.

ತಾಯಮ್ಮತ್ತೆಗೆ ನಾನೀಗ ಏನಂತ ಹೇಳಿಕೊಡಲಿ?